‘ಸಾಕು’ ಎನ್ನಲಾಗದ ಮನೆ: ಮನಸ್ಸನ್ನು ಕಾಡುವ ವಿಷುವಲ್ ನಾವೆಲ್ ಕಟ್ಟುವುದು ಹೇಗೆ

ಮಲೆನಾಡಿನ ಮನೆಗೆ ನೆಂಟರಾಗಿ ಹೋದವರಿಗೆಲ್ಲ ಒಂದು ಪುಟ್ಟ ಭಯ ಗೊತ್ತಿರುತ್ತದೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು “ಸಾಕು, ಸಾಕು” ಎನ್ನುತ್ತಿದ್ದರೂ ಬೆರಳ ಸಂದಿಯಿಂದ ಪಾಯಸ ಇಳಿಯುತ್ತದೆ. ಬಡಿಸುವವರ ಮುಖದ ತುಂಬ ನಗು. ಆ ನಗು ಇರಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಉಳಿದರೆ? ನನ್ನ ಆಟ ಹುಟ್ಟಿದ್ದು ಆ ಒಂದು ಗಳಿಗೆಯಿಂದ.

ವಿಷುವಲ್ ನಾವೆಲ್ ಎಂದರೆ ಓದುವ ಆಟ. ಹಿಂದೆ ಒಂದು ಚಿತ್ರ, ಮುಂದೆ ಒಂದು ಪಾತ್ರ, ಕೆಳಗೆ ಮಾತು; ನಡುನಡುವೆ “ಈಗ ಏನು ಮಾಡುತ್ತೀರಿ?” ಎಂಬ ಆಯ್ಕೆ. ಓಡುವುದು, ಗುಂಡು ಹಾರಿಸುವುದು ಇಲ್ಲ. ಹಾಗಾಗಿ ಒಬ್ಬರೇ ಕೂತು ಕಟ್ಟಬಹುದು. ನಾನು ಶಿವಮೊಗ್ಗದಲ್ಲಿ ಲೆಕ್ಕಪತ್ರ ಬರೆದು ಬದುಕುವವನು, ಪ್ರೋಗ್ರಾಮಿಂಗ್ ಕಲಿತವನಲ್ಲ. ಎರಡು ಮಳೆಗಾಲದ ಸಂಜೆಗಳಲ್ಲಿ ಒಂದೂವರೆ ಗಂಟೆಯ ಆಟವೊಂದನ್ನು ಮುಗಿಸಿದೆ. ಅದನ್ನು ಯಾವ ಕ್ರಮದಲ್ಲಿ ಮಾಡಬೇಕಿತ್ತು ಎಂಬುದು ಮುಗಿದ ಮೇಲೆ ತಿಳಿಯಿತು. ಇಲ್ಲಿರುವುದು ಆ ಕ್ರಮ.

ಮೊದಲು ಕಾಡುವ ವ್ಯಕ್ತಿ, ಆಮೇಲೆ ಕಂಪ್ಯೂಟರ್

ಒಂದು ಹಾಳೆ ತೆಗೆದುಕೊಳ್ಳಿ. ಯಾರೋ ಒಬ್ಬರು ಇನ್ನೊಬ್ಬರನ್ನು ಬಿಡಲಾರದೆ ಹಿಡಿದುಕೊಂಡಿದ್ದಾರೆ. ಅವರು ಯಾರು, ಅವರಿಗೆ ಬೇಕಾದ್ದೇನು, ಅದನ್ನು ಪಡೆಯಲು ಅವರು ಮಾಡುವ ಅತ್ಯಂತ ಸಭ್ಯವಾದ ಕೆಲಸ ಯಾವುದು? ಈ ಮೂರನ್ನು ಬರೆಯಿರಿ. ಮೂರನೆಯದು ಮುಖ್ಯ. ಚಾಕು ಹಿಡಿದು ಬರುವವರನ್ನು ಕಂಡರೆ ಆಟಗಾರ ಓಡುತ್ತಾನೆ, ಅಲ್ಲಿಗೆ ಆಟ ಮುಗಿಯಿತು. ಬಿಸಿ ರೊಟ್ಟಿ ಹಿಡಿದು ಬರುವವರಿಂದ ಓಡುವುದು ಹೇಗೆ?

ನನ್ನ ಪಾತ್ರ ಗಂಗಕ್ಕ, ಐವತ್ತು ದಾಟಿದ ಹೆಂಗಸು. ಶರಾವತಿ ಹಿನ್ನೀರಿನ ಆಚೆ ದಡದಲ್ಲಿ ಒಂಟಿ ಮನೆ. ಆ ಮನೆಯಲ್ಲಿರುವ ಹಳೆಯ ಕಡತಗಳ ಚಿತ್ರ ತೆಗೆಯಲು ನಾಲ್ಕು ದಿನಕ್ಕೆಂದು ಬಂದವರು ನೀವು, ಅಂದರೆ ಆಟಗಾರ. ಗಂಗಕ್ಕನಿಗೆ ಬೇಕಾದ್ದು ಇಷ್ಟೇ: ಉಣ್ಣುವವರು ಒಬ್ಬರು ಮನೆಯಲ್ಲಿರಬೇಕು. ಏಕೆ ಹಾಗೆ ಎಂಬುದನ್ನು ನಾನು ಹೇಳುವುದಿಲ್ಲ. ಮೊದಲ ಕರಡಿನಲ್ಲಿ ಸತ್ತ ಮಗನೊಬ್ಬನಿದ್ದ. ಅವನು ಬಂದ ಪುಟದಿಂದಲೇ ಹೆದರಿಕೆ ಇಳಿದು ಕನಿಕರ ಶುರುವಾಯಿತು. ಇಡೀ ಹನ್ನೊಂದು ಪುಟ ಹರಿದು ಹಾಕಿದೆ. ಕಾರಣ ಸಿಕ್ಕರೆ ಓದುಗನಿಗೆ ಸಮಾಧಾನವಾಗುತ್ತದೆ, ನಮಗೆ ಬೇಡವಾದದ್ದು ಆ ಸಮಾಧಾನವೇ.

ಜಾಗದ ಬಗ್ಗೆ ಒಂದು ಮಾತು. ಇಲ್ಲಿ ಯಾರೇ ಭಯದ ಕಥೆ ಬರೆದರೂ ಆಗುಂಬೆಗೆ ಓಡುತ್ತಾರೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ಕಾಳಿಂಗ ಸರ್ಪ, ಮಂಜು ಎಲ್ಲ ಅಲ್ಲಿ ಸಿದ್ಧವಾಗಿವೆ, ಅದಕ್ಕೇ ಸವಕಲಾಗಿವೆ. ನಾನು ಹಿನ್ನೀರನ್ನು ಹಿಡಿದದ್ದು ಲಾಂಚಿಗಾಗಿ, ಅಂದರೆ ದಡದಿಂದ ದಡಕ್ಕೆ ಜನರನ್ನು ದಾಟಿಸುವ ಯಂತ್ರದ ದೋಣಿಗಾಗಿ. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಬೆಳಗಿನ ತನಕ ದಾರಿಯಿಲ್ಲ. ಬಾಗಿಲಿಗೆ ಬೀಗ ಹಾಕುವ ಕೆಲಸವನ್ನು ನೀರೇ ಮಾಡುತ್ತದೆ. 2025ರ ಜುಲೈನಲ್ಲಿ ಆ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಊರಿನವರಿಗೆ ದಶಕಗಳ ಕಷ್ಟ ತಪ್ಪಿತು, ನನ್ನ ಕಥೆಗೆ ಮಾತ್ರ ತೊಂದರೆಯಾಯಿತು. ಹಾಗಾಗಿ ಆಟ ನಡೆಯುವುದು 2016ರಲ್ಲಿ. ನಿಮ್ಮ ಕಥೆಯಲ್ಲೂ ಆಟಗಾರ ಎದ್ದು ಹೋಗದಿರಲು ಕಾರಣವೊಂದು ಬೇಕು, ಅದು ಆ ಊರಿನವರು “ಹೌದು, ಹಾಗೇ ಆಗುತ್ತದೆ” ಎನ್ನುವಂಥದ್ದಾಗಿರಬೇಕು.

ಅಧ್ಯಾಯಗಳಿಗೆ ಮಳೆ ನಕ್ಷತ್ರಗಳ ಹೆಸರಿಟ್ಟಿದ್ದೇನೆ: ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ನಾಲ್ಕು ದಿನಕ್ಕೆಂದು ಮೃಗಶಿರದಲ್ಲಿ ಬಂದವರ ಪರದೆಯ ಮೇಲೆ ‘ಪುಷ್ಯ’ ಎಂಬ ಹೆಸರು ಮೂಡಿದಾಗ ತಿಂಗಳು ದಾಟಿರುತ್ತದೆ. ಆಟದಲ್ಲಿ ಯಾರೂ ಅದನ್ನು ಹೇಳುವುದಿಲ್ಲ. ಗದ್ದೆ ತೋಟ ಕಂಡವರು ಮಾತ್ರ ಒಮ್ಮೆ ತಡೆದು ಲೆಕ್ಕ ಹಾಕುತ್ತಾರೆ.

ನೀವು, ನೀನು

ಇಂಗ್ಲಿಷಿನಲ್ಲಿ ಇಂಥ ಆಟ ಬರೆಯುವವರಿಗೆ ಇಲ್ಲದ ಆಯುಧವೊಂದು ನಮ್ಮ ಕೈಯಲ್ಲಿದೆ. ಗಂಗಕ್ಕ ಮೊದಲ ದಿನ “ಬನ್ನಿ, ಕಾಲು ತೊಳೆದುಕೊಳ್ಳಿ” ಎನ್ನುತ್ತಾಳೆ. ಎರಡನೆಯ ಅಧ್ಯಾಯದ ನಡುವೆ, ತಂಬುಳಿ ಬಡಿಸುತ್ತ, ಒಂದೇ ಒಂದು ಸಲ “ಹಾಕಿಕೋ” ಎನ್ನುತ್ತಾಳೆ. ಮರುಸಾಲಿಗೆ ಮತ್ತೆ ನೀವು. ಬಾಯಿತಪ್ಪಿ ಬಂದಿತೇ? ಅಕ್ಕರೆಯೇ? ಮೂರನೆಯ ಅಧ್ಯಾಯದಲ್ಲಿ ಏಕವಚನ ನಿಲ್ಲುತ್ತದೆ. ಕೊನೆಯಲ್ಲಿ ಆಕೆ ಆಟಗಾರನನ್ನು ಸಂಬೋಧಿಸುವುದನ್ನೇ ಬಿಟ್ಟು, “ನಮ್ಮನೆಯಲ್ಲಿ ಖಾರ ಕಡಿಮೆ ತಿನ್ನುವುದು” ಎಂದು ಇಬ್ಬರನ್ನೂ ಸೇರಿಸಿ ಮಾತಾಡತೊಡಗುತ್ತಾಳೆ. ಇಡೀ ಸ್ಕ್ರಿಪ್ಟ್ ಮುಗಿದ ಮೇಲೆ ಆ ಪಾತ್ರದ ಮಾತುಗಳನ್ನಷ್ಟೇ ಬೇರೆ ಮಾಡಿ, ಪ್ರತಿ ಕ್ರಿಯಾಪದದ ಕೊನೆಯನ್ನು ನೋಡಿ. ಎಲ್ಲಿ ‘ಇರಿ’ ಹೋಗಿ ‘ಇರು’ ಬಂತು ಎಂಬುದು ಕೈತಪ್ಪಿ ಆಗಿರಬಾರದು.

ಇನ್ನೊಂದು ಅನುಕೂಲವಿದೆ. ಎದುರಿಗಿರುವವರಿಗೆ ಆಡುವ ಮಾತಿನಲ್ಲಿ ಕನ್ನಡ ಕ್ರಿಯಾಪದ ಗಂಡು ಹೆಣ್ಣು ನೋಡುವುದಿಲ್ಲ: ಬಂದಿರಿ, ಬಂದೆ. ಆದ್ದರಿಂದ ಆಟಗಾರ ಯಾರಾದರೂ ಆಗಬಹುದು. ಮೂರನೆಯವರ ಮುಂದೆ ಆಟಗಾರನ ಬಗ್ಗೆ ಹೇಳುವಾಗ ಮಾತ್ರ ‘ಅವರು ಬಂದಿದ್ದಾರೆ’ ಎಂಬ ಬಹುವಚನದಿಂದ ದಾಟಿಕೊಳ್ಳಿ.

ಆಟಗಾರನ ಹೆಸರನ್ನು ಕೇಳಬೇಡಿ. ಹೆಸರು ಟೈಪ್ ಮಾಡಿಸಿ ಅದನ್ನು ಮಾತಿನೊಳಗೆ ಸೇರಿಸುವ ಸೌಲಭ್ಯ ಎಲ್ಲ ಸಾಧನಗಳಲ್ಲೂ ಇದೆ, ಆದರೆ ವಿಭಕ್ತಿ ಬಂದು ಕುತ್ತಿಗೆ ಹಿಡಿಯುತ್ತದೆ. ಸುರೇಶ ಎಂದರೆ ಸುರೇಶನಿಗೆ, ರವಿ ಎಂದರೆ ರವಿಗೆ, ಸೀತಾ ಎಂದರೆ ಸೀತೆಗೆ. ಯಂತ್ರಕ್ಕೆ ಇದು ತಿಳಿಯದು. “ಸುರೇಶಗೆ ಹಸಿವಾಯಿತೇ?” ಎಂದು ಗಂಗಕ್ಕ ಕೇಳಿದರೆ ಹೆದರಿಕೆ ಹೋಗಿ ನಗು ಬರುತ್ತದೆ.

ಆಯ್ಕೆಯ ಖಾತೆ

ಇದು ಮಾರ್ಗದರ್ಶಿಯ ಹೊಟ್ಟೆ. ಇಲ್ಲಿ ನಿಧಾನಿಸಿ.

ಹೊಸಬರು ಮಾಡುವ ತಪ್ಪು ಮರ ಬೆಳೆಸುವುದು. ಪ್ರತಿ ಆಯ್ಕೆಗೂ ಬೇರೆ ಕಥೆ ಎಂದುಕೊಂಡರೆ ಹತ್ತು ಜೋಡಿ ಆಯ್ಕೆಗಳಿಗೆ 1,024 ಕೊನೆಗಳಾಗುತ್ತವೆ. ಯಾರು ಬರೆಯುತ್ತಾರೆ? ನಾನು ಹದಿನಾಲ್ಕು ಕೊನೆಗಳನ್ನು ಬರೆದು, ಆಡಿದವರು ಅದರಲ್ಲಿ ಮೂರನ್ನಷ್ಟೇ ನೋಡಿದ್ದು ಕಂಡು ಸುಸ್ತಾದೆ. ಈಗಿರುವುದು ನಾಲ್ಕು.

ಮರದ ಬದಲು ಖಾತೆ ಪುಸ್ತಕ ಇಡಿ. ಕಥೆ ಒಂದೇ ಹೊಳೆಯಾಗಿ ಹರಿಯಲಿ. ಆಯ್ಕೆಯ ಕಡೆ ಎರಡು ಕವಲಾಗಿ ನಾಲ್ಕಾರು ಸಾಲುಗಳಾದ ಮೇಲೆ ಮತ್ತೆ ಕೂಡಲಿ. ಆದರೆ ಯಾವ ಕವಲಿನಿಂದ ಬಂದಿರಿ ಎಂಬುದು ಒಂದು ಖಾತೆಯಲ್ಲಿ ಜಮೆಯಾಗಲಿ. ನನ್ನ ಆಟದಲ್ಲಿ ಮೂರೇ ಖಾತೆ: ‘ಸಾಕು’ ಎಂದದ್ದು ಎಷ್ಟು ಸಲ, ಕೊಟ್ಟ ಕೆಲಸ ಮಾಡಿದ್ದು ಎಷ್ಟು ಸಲ, ಹೇಳಿದ ಸುಳ್ಳು ಎಷ್ಟು. ಮುಂದೆಂದೋ ಗಂಗಕ್ಕ ಆ ಖಾತೆ ತೆರೆದು ನೋಡಿ ಮಾತಾಡುತ್ತಾಳೆ. ಆಟಗಾರ ಬೆಚ್ಚುವುದು ತಾನು ಮರೆತದ್ದನ್ನು ಆಟ ಮರೆತಿಲ್ಲ ಎಂದು ತಿಳಿದಾಗ.

ಒಂದು ದೃಶ್ಯವನ್ನು ಬಿಡಿಸಿ ತೋರಿಸುತ್ತೇನೆ. ಮೊದಲ ಮಳೆಗೆ ಎದ್ದ ಎಳೆ ಬಿದಿರಿನ ಕಳಲೆ. ಗಂಗಕ್ಕ ಸಿಪ್ಪೆ ಬಿಚ್ಚಿ, ತೆಳ್ಳಗೆ ಹೆಚ್ಚಿ, ಪಾತ್ರೆಯ ನೀರಿಗೆ ಹಾಕುತ್ತಾಳೆ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿರುತ್ತದೆ. ಎರಡು ಮೂರು ದಿನ ನೆನೆಸಿ, ದಿನವೂ ನೀರು ಚೆಲ್ಲಿ ಹೊಸ ನೀರು ಹಾಕಿ, ಆಮೇಲೆ ಬೇಯಿಸಿ ತಿನ್ನುವುದು ಇಲ್ಲಿನ ಪದ್ಧತಿ. “ನಾಳೆ ಬೆಳಿಗ್ಗೆ ಇದರ ನೀರು ಬದಲಿಸುತ್ತೀರಾ? ನನಗೆ ಕೊಟ್ಟಿಗೆ ಕೆಲಸವಿದೆ” ಎಂದು ಕೇಳುತ್ತಾಳೆ. ಒಪ್ಪದಿರಲು ಕಾರಣವೇ ಇಲ್ಲ.

ಮರುದಿನ ಬೆಳಿಗ್ಗೆ ಎರಡು ಆಯ್ಕೆ: ಅಡುಗೆಮನೆಗೆ ಹೋಗುವುದು, ಅಥವಾ ಬೆಳಕಿರುವಾಗಲೇ ಕಡತದ ಕೋಣೆಗೆ ಹೋಗುವುದು. ಕಳಲೆಯ ಹೆಸರನ್ನು ಅಲ್ಲಿ ಎತ್ತಬೇಡಿ. ಕಡತದ ಕೋಣೆಯಲ್ಲಿ ಕಥೆ ಮುಂದುವರಿಯುತ್ತದೆ, ಕುತೂಹಲದ ಎಳೆಯೊಂದು ಅಲ್ಲಿದೆ, ಹೆಚ್ಚಿನವರು ಅತ್ತಲೇ ಹೋಗುತ್ತಾರೆ. ಅದರ ಮರುದಿನವೂ ಹೀಗೇ. ಮೂರನೆಯ ರಾತ್ರಿ ತಟ್ಟೆಗೆ ಕಳಲೆ ಪಲ್ಯ ಬೀಳುತ್ತದೆ. ಗಂಗಕ್ಕ ತನ್ನ ತಟ್ಟೆಗೂ ಹಾಕಿಕೊಳ್ಳುತ್ತಾಳೆ, ನಿಮಗಿಂತ ಒಂದು ಸೌಟು ಹೆಚ್ಚು. ತುತ್ತು ಎತ್ತಿ ನಿಲ್ಲಿಸಿ ಕೇಳುತ್ತಾಳೆ: “ನೀರು ಬದಲಿಸಿದಿರಲ್ಲ?”

‘ಹೌದು’, ‘ಇಲ್ಲ’. ಎರಡೇ ಪದ.

ಬದಲಿಸದೆ ಹೌದು ಎಂದವರು ಈಗ ತಿನ್ನಬೇಕು, ಅಥವಾ ತಮ್ಮ ಸುಳ್ಳನ್ನು ನಂಬಿ ತಿನ್ನುತ್ತಿರುವವಳನ್ನು ನೋಡುತ್ತ ಕೂರಬೇಕು. ಅಲ್ಲಿಯತನಕ ಆಕೆಗೆ ಅಂಜುತ್ತಿದ್ದವರು ಆ ಕ್ಷಣ ತಮಗೇ ಅಂಜುತ್ತಾರೆ. ಇನ್ನು ಆಕೆ ರಾತ್ರಿಯೇ ಎದ್ದು ನೀರು ಬದಲಿಸಿದ್ದಳೋ, ಎಲ್ಲವೂ ಗೊತ್ತಿದ್ದೇ ಕೇಳಿದಳೋ? ಆಟ ಹೇಳುವುದಿಲ್ಲ, ಬೆಳಿಗ್ಗೆ ಇಬ್ಬರೂ ಆರೋಗ್ಯವಾಗಿ ಏಳುತ್ತಾರೆ. ಸುಳ್ಳಿನ ಖಾತೆಗೆ ಮಾತ್ರ ಒಂದು ಸೇರಿರುತ್ತದೆ. ನಾಲ್ಕನೆಯ ಅಧ್ಯಾಯದಲ್ಲಿ ನೀವು ಲಾಂಚ್ ಎಷ್ಟು ಗಂಟೆಗೆ ಎಂದು ಕೇಳುತ್ತೀರಿ. ಖಾತೆಯಲ್ಲಿ ಸುಳ್ಳು ಇಲ್ಲದಿದ್ದರೆ ಆಕೆ ನಿಜ ಹೇಳುತ್ತಾಳೆ. ಇದ್ದರೆ, ಅದೇ ನಗುವಿನಿಂದ, ನಿಜಕ್ಕಿಂತ ಒಂದು ಗಂಟೆ ತಡದ ಸಮಯ ಹೇಳುತ್ತಾಳೆ.

ಈ ದೃಶ್ಯದಿಂದ ನಿಯಮಗಳನ್ನು ನೀವೇ ತೆಗೆದುಕೊಳ್ಳಬಹುದು. ನಾನು ಒತ್ತಿ ಹೇಳುವುದು ಒಂದನ್ನು: ಆಯ್ಕೆಯಲ್ಲಿ ಮೋಸವಿರಬಾರದು. ಎರಡು ಬಾಗಿಲು ತೋರಿಸಿ ಎರಡನ್ನೂ ಒಂದೇ ಕೋಣೆಗೆ ತೆರೆದರೆ ಎರಡನೆಯ ಸಲ ಆಡುವವರಿಗೆ ಅದು ಗೊತ್ತಾಗುತ್ತದೆ, ಆಮೇಲೆ ಅವರು ಯಾವುದಕ್ಕೂ ಹೆದರುವುದಿಲ್ಲ. ಆಯ್ಕೆಗಳನ್ನು ಆದಷ್ಟು ಚಿಕ್ಕದಾಗಿಡಿ. ‘ಕೊಲ್ಲು, ಬಿಡು’ ಎಂಬುದಕ್ಕಿಂತ ‘ಇನ್ನೊಂದು ಹಾಕಿ, ಸಾಕು’ ಎಂಬುದು ಹೆಚ್ಚು ಕಾಡುತ್ತದೆ, ಏಕೆಂದರೆ ಅದನ್ನು ಆಟಗಾರ ತನ್ನ ಬದುಕಿನಲ್ಲಿ ನೂರು ಸಲ ಆಯ್ದಿದ್ದಾನೆ.

ಈಗ ಕಂಪ್ಯೂಟರ್

ನಾನು ಬಳಸಿದ್ದು ರೆನ್‌ಪೈ. 2004ರಲ್ಲಿ ಟಾಮ್ ರೋಥಮೆಲ್ ಹೊರತಂದ, ಇಂದಿಗೂ ಉಚಿತವಾಗಿರುವ ಮುಕ್ತ ತಂತ್ರಾಂಶ. ‘ರೆನ್‌ಆಯ್’ ಎಂಬ ಜಪಾನಿ ಪದಕ್ಕೆ ಪ್ರಣಯವೆಂದರ್ಥ, ಅದನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೆಸರಿನ ಜೊತೆ ಹೊಸೆದ ಹೆಸರು. ಪ್ರೀತಿಯ ಹೆಸರು ಹೊತ್ತ ಈ ಸಾಧನದಿಂದಲೇ 2017ರ ‘ಡೋಕಿ ಡೋಕಿ ಲಿಟರೇಚರ್ ಕ್ಲಬ್’ ಎಂಬ ಹೆಸರುವಾಸಿ ಭಯದ ಆಟವನ್ನು ಕಟ್ಟಿದರು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ; ಆಟವನ್ನು ಆಂಡ್ರಾಯ್ಡ್ ಮೊಬೈಲಿಗೂ ಕಟ್ಟಿ ಕೊಡುತ್ತದೆ.

ಇಳಿಸಿಕೊಂಡು ತೆರೆದರೆ ಲಾಂಚರ್ ಎಂಬ ಕಿಟಕಿ ಬರುತ್ತದೆ (ಹಿನ್ನೀರಿನ ಲಾಂಚಿಗೂ ಇದಕ್ಕೂ ಸಂಬಂಧವಿಲ್ಲ). ಹೊಸ ಪ್ರಾಜೆಕ್ಟ್ ಮಾಡಿ, ಅಳತೆ 1920×1080 ಇಡಿ, ಪ್ರಾಜೆಕ್ಟಿಗೆ ಇಂಗ್ಲಿಷ್ ಅಕ್ಷರಗಳ ಹೆಸರು ಕೊಡಿ. ‘ಗೇಮ್’ ಎಂಬ ಫೋಲ್ಡರಿನಲ್ಲಿ ‘ಸ್ಕ್ರಿಪ್ಟ್’ ಎಂಬ ಕಡತ ಸಿಗುತ್ತದೆ. ನಿಮ್ಮ ಕಥೆಯೆಲ್ಲ ಅದರೊಳಗೆ.

ಕನ್ನಡ ಬರೆದು ಓಡಿಸಿದರೆ ಮೊದಲು ಕಾಣುವುದು ಸಾಲುಸಾಲು ಚೌಕಗಳು. ಹೆದರಬೇಡಿ, ಜೊತೆಗೆ ಬರುವ ಫಾಂಟಿನಲ್ಲಿ ಕನ್ನಡವಿಲ್ಲ ಅಷ್ಟೇ. ನೋಟೋ ಸಾನ್ಸ್ ಕನ್ನಡದಂಥ ಉಚಿತ ಫಾಂಟನ್ನು ‘ಗೇಮ್’ ಫೋಲ್ಡರಿಗೆ ಹಾಕಿ, ‘ಜಿಯುಐ’ ಕಡತದಲ್ಲಿ ಮಾತು, ಹೆಸರು, ಇಂಟರ್‌ಫೇಸ್ ಎಂಬ ಮೂರು ಫಾಂಟ್ ಸಾಲುಗಳಲ್ಲಿ ಅದರ ಹೆಸರು ಬರೆಯಿರಿ. ಎರಡನೆಯ ಕಾಟ ಒತ್ತಕ್ಷರ. ಹಳೆಯ ಆವೃತ್ತಿಯಲ್ಲಿ ನನ್ನ ಗಂಗಕ್ಕ ‘ಗಂಗಕ್‌ಕ’ ಆಗಿ ಕೂತಿದ್ದಳು, ವಾರವಿಡೀ ಫಾಂಟನ್ನೇ ಬೈದೆ. ತಪ್ಪು ಫಾಂಟಿನದಲ್ಲ. ಅಕ್ಷರಗಳನ್ನು ಕೂಡಿಸಿ ಜೋಡಿಸುವ ಹಾರ್ಫ್‌ಬಜ್ ಎಂಬ ವ್ಯವಸ್ಥೆ ರೆನ್‌ಪೈಗೆ ಬಂದದ್ದು 8.2ನೆಯ ಆವೃತ್ತಿಯಿಂದ. ಅದಕ್ಕಿಂತ ಹೊಸತನ್ನೇ ಬಳಸಿ.

ಕಲಿಯಬೇಕಾದ ಆದೇಶಗಳು ಐದು. ಪಾತ್ರವನ್ನು ‘ಡಿಫೈನ್’ನಿಂದ ಹೆಸರಿಸುತ್ತೀರಿ. ‘ಲೇಬಲ್’ ಎಂದರೆ ದೃಶ್ಯದ ತಲೆಬರಹ, ‘ಜಂಪ್’ ಎಂದರೆ ಆ ದೃಶ್ಯಕ್ಕೆ ಹಾರುವುದು. ‘ಮೆನು’ ಆಯ್ಕೆಗಳನ್ನು ತೋರಿಸುತ್ತದೆ. ‘ಡೀಫಾಲ್ಟ್’ ಖಾತೆ ತೆರೆಯುತ್ತದೆ. ನನ್ನ ಮೂರೂ ಖಾತೆಗಳು ಸೊನ್ನೆಯಿಂದ ಶುರು. ಮೆನುವಿನೊಳಗೆ ‘ಹೌದು’ ಎಂಬ ಸಾಲಿನ ಕೆಳಗೆ, ನಾಲ್ಕು ಸ್ಪೇಸ್ ಒಳಗೆ, ಸುಳ್ಳಿನ ಖಾತೆಗೆ ಒಂದು ಕೂಡಿಸುವ ಸಾಲು ಬರೆಯುತ್ತೀರಿ, ನೀರು ಬದಲಿಸದಿದ್ದರೆ ಮಾತ್ರ ಎಂಬ ಷರತ್ತು ಹಾಕಿ. ಆ ‘ಮಾತ್ರ’ಕ್ಕೆ ‘ಇಫ್’. ಇದು ಆರನೆಯದಾಯಿತು, ಇರಲಿ. ಸಾಲನ್ನು ಒಳಗೆ ಸರಿಸಲು ಟ್ಯಾಬ್ ಕೀಲಿ ಒತ್ತಿದರೆ ರೆನ್‌ಪೈ ಒಪ್ಪುವುದಿಲ್ಲ, ಸ್ಪೇಸೇ ಬೇಕು.

ಇನ್ನು ನನಗೆ ಅತ್ಯಂತ ಖುಷಿ ಕೊಟ್ಟ ಎರಡು ಸೌಲಭ್ಯ.

ರೆನ್‌ಪೈಯಲ್ಲಿ ಮೌಸಿನ ಚಕ್ರ ಹಿಂದಕ್ಕೆ ತಿರುಗಿಸಿದರೆ ಕಥೆಯೂ ಹಿಂದಕ್ಕೆ ಹೋಗುತ್ತದೆ. ಚಿಕ್ಕಪ್ಪನ ಮಗ ಮೊದಲ ಸಲ ಆಡುವಾಗ ಕಳಲೆಯ ಊಟದಲ್ಲಿ ‘ಹೌದು’ ಒತ್ತಿ, ಮುಖ ಸಣ್ಣಗೆ ಮಾಡಿ, ಚಕ್ರ ತಿರುಗಿಸಿ, ‘ಇಲ್ಲ’ ಒತ್ತಿದ. ಎರಡು ತಿಂಗಳ ಕೆಲಸ ಒಂದು ಬೆರಳಿಗೆ ಕರಗಿತು. ಹಿಂದೆ ಹೋಗುವುದನ್ನೇ ತಡೆಯುವ ಆದೇಶವಿದೆ, ‘ಬ್ಲಾಕ್ ರೋಲ್‌ಬ್ಯಾಕ್’. ಆದರೆ ಅದಕ್ಕಿಂತ ಕ್ರೂರವಾದದ್ದು ‘ಫಿಕ್ಸ್ ರೋಲ್‌ಬ್ಯಾಕ್’: ಆಟಗಾರ ಹಿಂದೆ ಹೋಗಬಹುದು, ಎರಡೂ ಆಯ್ಕೆಗಳನ್ನು ಮತ್ತೆ ನೋಡಬಹುದು, ಆದರೆ ಮೊದಲು ಒತ್ತಿದ್ದನ್ನೇ ಒತ್ತಬೇಕು. ಇದನ್ನು ಇಡೀ ಆಟಕ್ಕೆ ಹಾಕಬೇಡಿ. ನಾನು ಹಾಕಿರುವುದು ಆ ಒಂದು ಊಟಕ್ಕೆ.

ಎರಡನೆಯದು ‘ಪರ್ಸಿಸ್ಟೆಂಟ್’. ಸಾಮಾನ್ಯ ಖಾತೆಗಳು ಹೊಸ ಆಟ ಶುರುವಾದಾಗ ಸೊನ್ನೆಯಾಗುತ್ತವೆ, ಪರ್ಸಿಸ್ಟೆಂಟ್ ಖಾತೆ ಉಳಿಯುತ್ತದೆ. ಒಮ್ಮೆ ಆಟ ಮುಗಿಸಿದವರು ಮತ್ತೆ ಮೊದಲಿನಿಂದ ಆಡಲು ಕೂತಾಗ ಎಲ್ಲವೂ ಹಾಗೇ ಇರುತ್ತದೆ: ಮಳೆ, ಲಾಂಚ್, ಜಗುಲಿ, ಕಾಲು ತೊಳೆಯಲು ನೀರು. “ಬನ್ನಿ” ಎಂಬಲ್ಲಿ ಗಂಗಕ್ಕ “ಬಂದೆಯಾ” ಎನ್ನುತ್ತಾಳೆ. ಆಮೇಲೆ ಎಲ್ಲವೂ ಮೊದಲಿನಂತೆ, ಬಹುವಚನದಲ್ಲಿ. ಈ ತಂತ್ರವನ್ನು ಒಮ್ಮೆ ಮಾತ್ರ ಬಳಸಿ. ಪರೀಕ್ಷಿಸುವಾಗ ಲಾಂಚರಿನಿಂದ ಆ ನೆನಪನ್ನು ಅಳಿಸಲು ಬರುತ್ತದೆ. ಅದನ್ನು ಮರೆತು ನಾನು ‘ಬಂದೆಯಾ’ ಎಂಬುದನ್ನು ದೋಷವೆಂದುಕೊಂಡು ಒಂದು ರಾತ್ರಿ ಹುಡುಕಿದ್ದೇನೆ.

ಆಟಗಾರನ ಸ್ವಂತ ಫೋಟೋ, ಕಡತಗಳನ್ನು ಮುಟ್ಟಿ ಹೆದರಿಸುವ ಆಸೆ ಬಂದರೆ ಬಿಟ್ಟುಬಿಡಿ. ಆಟದ ಫೋಲ್ಡರಿನೊಳಗೆ ಏನು ಬೇಕಾದರೂ ಮಾಡಿ, ಅದರಾಚೆಗೆ ನಾವು ಆತನ ಮನೆಯ ನೆಂಟರು.

ಮಳೆಯ ಸದ್ದು, ಮತ್ತೆ ಉಳಿದದ್ದು

ಚಿತ್ರಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಪರಿಚಿತರ ಮನೆಯ ಜಗುಲಿ, ಬಚ್ಚಲು, ಅಟ್ಟಗಳ ಫೋಟೋಗಳನ್ನು ಅವರ ಒಪ್ಪಿಗೆ ಪಡೆದು ತೆಗೆದು, ಬಣ್ಣ ಇಳಿಸಿ, ಮಸುಕು ಮಾಡಿದೆ. ಗಂಗಕ್ಕನಿಗೆ ಮುಖ ಬರೆಯಿಸಲಿಲ್ಲ. ಬಡಿಸುವ ಕೈ, ಸೆರಗು, ಲಾಟೀನಿನ ಹಿಂದಿನ ನೆರಳು. ಹಣವೂ ಉಳಿಯಿತು, ಕೆಲಸವೂ ಆಯಿತು.

ಸದ್ದಿಗೆ ಮಾತ್ರ ಜಿಪುಣರಾಗಬೇಡಿ. ಹೆಂಚಿನ ಮೇಲಿನ ಮಳೆ ಬೇರೆ, ತಗಡಿನ ಮೇಲಿನದು ಬೇರೆ, ಅಡಿಕೆ ಸೋಗೆಯ ಮೇಲಿನದು ಬೇರೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಮಳೆ ಯಾವ ಊರಿನದೋ, ಮಲೆನಾಡಿನವರ ಕಿವಿ ಅದನ್ನು ಕೂಡಲೇ ಹಿಡಿಯುತ್ತದೆ. ಮೊಬೈಲನ್ನು ಅಟ್ಟದ ಮೇಲಿಟ್ಟು ನೀವೇ ಧ್ವನಿಮುದ್ರಿಸಿಕೊಳ್ಳಿ. ತುಣುಕು ಮೂರು ನಿಮಿಷಕ್ಕಾದರೂ ಇರಲಿ, ಇಲ್ಲದಿದ್ದರೆ ಅದೇ ಹನಿ ಮತ್ತೆ ಮತ್ತೆ ಬೀಳುವುದು ತಿಳಿಯುತ್ತದೆ. ರೆನ್‌ಪೈಯಲ್ಲಿ ‘ಮ್ಯೂಸಿಕ್’ ಎಂದು ಹಾಕಿದರೆ ಸುತ್ತಿ ಸುತ್ತಿ ಬರುತ್ತದೆ, ‘ಸೌಂಡ್’ ಎಂದರೆ ಒಮ್ಮೆ ಮಾತ್ರ. ನನ್ನ ಆಟದಲ್ಲಿ ಮಳೆ ನಲವತ್ತು ನಿಮಿಷ ಬಿಡದೆ ಸುರಿಯುತ್ತದೆ. ಕಳಲೆಯ ಪ್ರಶ್ನೆಗೆ ಉತ್ತರ ಕೊಟ್ಟ ಕೂಡಲೇ ನಿಲ್ಲುತ್ತದೆ. ಹೆಂಚಿನ ತುದಿಯಿಂದ ತೊಟ್ಟಿಕ್ಕುವ ಸದ್ದು, ಅಷ್ಟೇ.

ಬರೆದದ್ದರ ಪ್ರತಿಯನ್ನು ಪೆನ್‌ಡ್ರೈವಿನಲ್ಲಿಟ್ಟು ಬೇರೆ ಮನೆಯಲ್ಲಿಡಿ. ಸಿಡಿಲಿಗೆ ಕಂಪ್ಯೂಟರ್ ಸುಟ್ಟುಹೋದ ಮೇಲೆ ಈ ಬುದ್ಧಿ ಬಂತು.

ಮುಗಿದ ಮೇಲೆ ಲಾಂಚರಿನ ‘ಲಿಂಟ್’ ಓಡಿಸಿ. ಇಲ್ಲದ ಲೇಬಲ್‌ಗೆ ಹಾರಿದ್ದು, ಸಿಗದ ಚಿತ್ರ ಎಲ್ಲವನ್ನೂ ಪಟ್ಟಿ ಮಾಡುತ್ತದೆ. ಹಂಚಲು ಇಚ್ ಡಾಟ್ ಐಒ ತಾಣಕ್ಕೆ ಹಣ ಕೊಡಬೇಕಿಲ್ಲ, ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ಒಂದು ಆಟಕ್ಕೆ 100 ಡಾಲರ್ ಶುಲ್ಕವಿದೆ. ಎಲ್ಲಿ ಹಾಕಿದರೂ ಮೊದಲ ಪರದೆಯಲ್ಲೇ ಎಚ್ಚರಿಕೆ ಬರೆಯಿರಿ: ಇದು ಬಿಡದೆ ಹಿಂಬಾಲಿಸುವ ಪ್ರೀತಿಯ ಕಥೆ, ಮನಸ್ಸು ನೊಂದಿರುವವರು ಸದ್ಯಕ್ಕೆ ಆಡಬೇಡಿ. ಕಥೆಯ ಗುಟ್ಟು ಹೋಗುತ್ತದೆಂದು ಇದನ್ನು ಮುಚ್ಚಿಡಬಾರದು.

ಅದಕ್ಕೂ ಮೊದಲು ಐದು ಜನರಿಂದ ಆಡಿಸಿ. ಪಕ್ಕದಲ್ಲಿ ಬಾಯಿ ಮುಚ್ಚಿ ಕೂರಿ. ಎಲ್ಲಿ ತಡೆದರು, ಎಲ್ಲಿ ಓದದೆ ಒತ್ತಿದರು ಎಂಬುದನ್ನಷ್ಟೇ ಬರೆದುಕೊಳ್ಳಿ. ಆಟವಾಡುವ ಹುಡುಗರು ಮಾತ್ರ ಸಾಲದು. ನಾನು ಸಾಗರದ ಚಿಕ್ಕಮ್ಮನನ್ನು ಕೂರಿಸಿದೆ. ಅವರು ಎರಡೂ ಬೆಳಿಗ್ಗೆ ನೆಟ್ಟಗೆ ಅಡುಗೆಮನೆಗೆ ಹೋಗಿ ಕಳಲೆಯ ನೀರು ಬದಲಿಸಿದರು. ಒಂದು ಸಲವೂ ‘ಸಾಕು’ ಎನ್ನಲಿಲ್ಲ. “ಬಡಿಸುವವರಿಗೆ ಹಾಗೆನ್ನುತ್ತಾರೆಯೇ?” ಎಂದು ನನ್ನನ್ನೇ ಕೇಳಿದರು. ಹೀಗೆ ಆಡಿದವರಿಗೆ ಸಿಗುವುದು ಆಟದ ಅತ್ಯಂತ ಕರಾಳ ಕೊನೆ: ಪುಷ್ಯ ಮುಗಿದು ಆಶ್ಲೇಷ ಶುರುವಾಗುತ್ತದೆ, ಜಗುಲಿಯಲ್ಲಿ ಎರಡು ತಟ್ಟೆ, ಪರದೆ ನಿಧಾನವಾಗಿ ಕಪ್ಪಾಗುತ್ತದೆ. ನಾನು ಉಸಿರು ಹಿಡಿದು ಅವರ ಮುಖ ನೋಡುತ್ತಿದ್ದೆ. ಚಿಕ್ಕಮ್ಮ ಕನ್ನಡಕ ತೆಗೆದು, ನೆಮ್ಮದಿಯಿಂದ, “ಪಾಪ, ಅವಳಿಗೂ ಒಂದು ಜೊತೆಯಾಯಿತು” ಎಂದರು.